ನಿರ್ಮಾಲ್ಯ ತೆಗೆಯುವ ಕೆಲಸ

ಮೊಬೈಲಿನಲ್ಲಿರುವ ದೇವರ ಫೋಟೊ ಡಿಲೀಟ್ ಮಾಡಿದರೆ ದೋಷ ಬರುತ್ತದೆಯೇ? ಈ ಪ್ರಶ್ನೆ ಮಠಗಳಿಗಿಂತ ಹೆಚ್ಚಾಗಿ ಬರುವುದು ನಮ್ಮಂಥ ರಿಪೇರಿ ಅಂಗಡಿಗಳಿಗೆ. ಸಕಲೇಶಪುರದ ಪೇಟೆಯಲ್ಲಿ ನನ್ನದೊಂದು ಸಣ್ಣ ಮಳಿಗೆ. ರೇಡಿಯೊ ಕಾಲದಿಂದ ಸೋಲ್ಡರಿಂಗ್ ಐರನ್ ಹಿಡಿದ ಕೈ ಇದು. ರೇಡಿಯೊ ಹೋಗಿ ಟೇಪ್ ರೆಕಾರ್ಡರ್ ಬಂತು, ಅದು ಹೋಗಿ ಟಿವಿ, ಈಗ ಮೊಬೈಲ್. ರೇಡಿಯೊ ತಂದವರು ಯಾರೂ ನನ್ನ ಹತ್ತಿರ ಪಾಪಪುಣ್ಯದ ಮಾತೆತ್ತಿದ್ದಿಲ್ಲ. ‘ಭದ್ರಾವತಿ ಸ್ಟೇಷನ್ ಸರಿಯಾಗಿ ಸಿಗಂಗೆ ಮಾಡ್ಕೊಡಿ’ ಅಂದರೆ ಮುಗಿಯಿತು. ಮೊಬೈಲ್ ಬಂದ ಮೇಲೆ ನಾನು ಅರ್ಧ ಮೆಕ್ಯಾನಿಕ್, ಅರ್ಧ ಪುರೋಹಿತ ಆಗಿದ್ದೇನೆ.

ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯ ಒಬ್ಬರು ದೊಡ್ಡಮ್ಮ ಬಂದಿದ್ದರು. ಆನೆ ಮೆಸೇಜ್ ಬರುತ್ತಿಲ್ಲ ಅನ್ನುವುದು ಅವರ ಕಂಪ್ಲೇಂಟು. ಬೆಂಗಳೂರಿನವರಿಗೆ ಇದು ತಮಾಷೆಯಾಗಿ ಕೇಳಿಸಬಹುದು, ನಮಗಲ್ಲ. 2013–14ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ತೋಟಕ್ಕೆ, ಗದ್ದೆಗೆ ಆನೆ ಬರುವುದು ನಿಲ್ಲಲಿಲ್ಲ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸುದ್ದಿ ಬರುವ ಏರ್ಪಾಡಿದೆ. ಅದರ ಜೊತೆಗೆ ಊರೂರಿಗೂ ಒಂದೊಂದು ವಾಟ್ಸಾಪ್ ಗುಂಪು. ಬೆಳಿಗ್ಗೆ ತೋಟಕ್ಕೆ ಆಳು ಕಳಿಸುವ ಮೊದಲು, ಮಕ್ಕಳನ್ನು ಸ್ಕೂಲಿಗೆ ಬಿಡುವ ಮೊದಲು ಆ ಗುಂಪು ನೋಡಿಕೊಳ್ಳುವುದು ಇಲ್ಲಿನ ಪದ್ಧತಿ.

ದೊಡ್ಡಮ್ಮನ ಸೆಟ್ಟು 32 ಜಿಬಿಯದು. ತೆರೆದು ನೋಡಿದರೆ ಉಸಿರಾಡಲು ಜಾಗವಿಲ್ಲ. ಸ್ಟೋರೇಜ್ ಪೂರ್ತಿ ತುಂಬಿದ ಫೋನಿನಲ್ಲಿ ವಾಟ್ಸಾಪ್ ಹೊಸ ಸಂದೇಶ ಇಳಿಸಿಕೊಳ್ಳಲಾರದೆ ನಿಂತುಬಿಡುತ್ತದೆ. ತುಂಬಿಸಿದವರು ಯಾರು ಎಂದು ನೋಡಿದೆ. ಸೋಮವಾರದ ಶಿವ, ಗುರುವಾರದ ರಾಯರು, ಶುಕ್ರವಾರದ ಲಕ್ಷ್ಮಿ, ಶನಿವಾರದ ಆಂಜನೇಯ. ಎಲ್ಲರಿಗಿಂತ ಹೆಚ್ಚು ಗಣಪತಿ: ಎಲೆಯ ಮೇಲಿನ ಗಣಪತಿ, ಮಿಣುಕುವ ಗಣಪತಿ, ಘಂಟೆಯ ಸದ್ದಿನ ವಿಡಿಯೊ ಗಣಪತಿ. ಆನೆ ಮುಖದವನು ಕೂತು ಆನೆ ಸುದ್ದಿಗೆ ದಾರಿಯಿಲ್ಲದಂತೆ ಮಾಡಿದ್ದ.

‘ಇವನ್ನ ಅಳ್ಸಬೇಕು ದೊಡ್ಡಮ್ಮ’ ಅಂದೆ. ಅವರು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಸೆರಗಿನಡಿ ಇಟ್ಟುಕೊಂಡರು. ‘ದೇವ್ರನ್ನ ಅಳ್ಸದೇನಪ್ಪ? ದೋಸ ಬರಕಿಲ್ವ?’

ಈ ಭಯ ಮೊಬೈಲಿಗಿಂತ ಹಳೆಯದು. ನಾವು ಚಿಕ್ಕವರಿದ್ದಾಗ ಮನೆಗೊಂದು ಕರಪತ್ರ ಬರುತ್ತಿತ್ತು. ಯಾವುದೋ ಕ್ಷೇತ್ರದಲ್ಲಿ ಹಾವು ಬಂದು ಮಾತಾಡಿತು, ಇದನ್ನು ಇಷ್ಟು ಪ್ರತಿ ಅಚ್ಚು ಹಾಕಿಸಿ ಹಂಚಿದವನಿಗೆ ಲಾಟರಿ ಹೊಡೆಯಿತು, ಹರಿದು ಬಿಸಾಡಿದವನು ರಕ್ತ ಕಾರಿದ. ಆಗ ಅಚ್ಚು ಹಾಕಿಸಲು ಕಾಸು ಬೇಕಿತ್ತು, ಹಾಗಾಗಿ ಭಯಕ್ಕೂ ಒಂದು ಮಿತಿ ಇತ್ತು. ಈಗ ಹೆಬ್ಬೆರಳು ಸಾಕು. 2017ರ ಕೊನೆಯಲ್ಲಿ ಗೂಗಲ್ ಕಂಪನಿ ‘ಫೈಲ್ಸ್ ಗೋ’ ಎಂಬ ಆಪ್ ತಂದಾಗ ಅದಕ್ಕೆ ಇಂಥ ಶುಭೋದಯ ಚಿತ್ರಗಳನ್ನು ಗುರುತಿಸಿ ಹೆಕ್ಕಿಕೊಡುವ ವಿದ್ಯೆಯನ್ನೂ ಕಲಿಸಿತ್ತು. ನಮ್ಮ ಜನರ ಬೆಳಗಿನ ಭಕ್ತಿ ಕ್ಯಾಲಿಫೋರ್ನಿಯಾದ ಎಂಜಿನಿಯರುಗಳಿಗೂ ಕೆಲಸ ಕೊಟ್ಟಿತು.

ನನ್ನ ಅಂಗಡಿಯ ಬೆಂಚಿನ ಮೇಲೆ ಸಂಜೆ ಹೊತ್ತು ಬಂದು ಕೂರುವ ನಿವೃತ್ತ ಸಂಸ್ಕೃತ ಮೇಷ್ಟ್ರಿಗೆ ಈ ಸಮಸ್ಯೆ ಸಮಸ್ಯೆಯೇ ಅಲ್ಲ. ‘ಪ್ರಾಣಪ್ರತಿಷ್ಠೆ ಆಗದ ಚಿತ್ರ ಬರೀ ಬಣ್ಣ ಕಣಯ್ಯಾ. ಅದರಲ್ಲಿ ದೇವರಿಲ್ಲ, ಅಳಿಸಿದರೆ ದೋಷವೂ ಇಲ್ಲ’ ಅನ್ನುತ್ತಾರೆ. ಶಾಸ್ತ್ರ ಅದೇ ಇರಬಹುದು. ಆದರೆ ದೊಡ್ಡಮ್ಮ ಬೆಳಗಾಗೆದ್ದು ಆ ಚಿತ್ರವನ್ನು ಕಣ್ಣಿಗೊತ್ತಿಕೊಂಡೇ ಒಲೆ ಹಚ್ಚುವವರು. ಅಲ್ಲಿ ದೇವರೇ ಇರಲಿಲ್ಲ ಎಂದು ಅವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ, ಹೇಳುವುದು ಸರಿಯೆಂದೂ ಅನಿಸುವುದಿಲ್ಲ. ಮಂತ್ರ ಹೇಳಿದರಷ್ಟೇ ಬರುವ ದೇವರಾದರೆ ನಮ್ಮ ತೋಟಗಳ ಮೂಲೆಯ ಚೌಡಿ ಕಲ್ಲುಗಳೆಲ್ಲ ಇಷ್ಟು ಕಾಲ ಸುಮ್ಮನೆ ಕೂತಿದ್ದವೇ?

ಮೇಷ್ಟ್ರ ದಾರಿ ಬಿಟ್ಟು ನಾನು ಬೇರೆ ಕಡೆಯಿಂದ ಹೋದೆ. ‘ದೊಡ್ಡಮ್ಮ, ಈ ಚಿತ್ರದ ಮೇಲೆ ಏನು ಬರೆದಿದೆ ನೋಡಿ. ಶುಭ ಸೋಮವಾರ. ಇವತ್ತು ಯಾವ ವಾರ?’ ‘ಗುರುವಾರ.’ ‘ನಿಮ್ಮನೇಲಿ ಸೋಮವಾರ ದೇವ್ರಿಗೆ ಮುಡಿಸಿದ ಹೂವು ಗುರುವಾರದ ತನಕ ಇರ್ತದಾ?’

ಹೇಮಾವತಿ ದಂಡೆಯ ಸಕಲೇಶ್ವರನ ಗುಡಿಯಾಗಲಿ, ಮನೆಯ ಗೂಡಾಗಲಿ, ಬೆಳಗಿನ ಮೊದಲ ಕೆಲಸ ನಿನ್ನೆಯ ಹೂವು ತೆಗೆಯುವುದು. ಆಮೇಲೆ ಅಭಿಷೇಕ, ಆಮೇಲೆ ಅಲಂಕಾರ. ಬಾಡಿದ ಹೂವನ್ನು ಮೈಮೇಲೆ ಬಿಟ್ಟರೆ ದೇವರಿಗೇ ಅಪಚಾರ ಅನ್ನುತ್ತಾರೆ. ತೆಗೆದ ಹೂವಿಗೂ ಮರ್ಯಾದೆ ಇದೆ. ಅದನ್ನು ಚರಂಡಿಗೆ ಎಸೆಯುವುದಿಲ್ಲ, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕುತ್ತೇವೆ. ವಾರದ ಹೆಸರು ಹೊತ್ತು ಬರುವ ಶುಭೋದಯ ಚಿತ್ರ ದೇವರ ಮೂರ್ತಿಯ ಜಾತಿಯದಲ್ಲ, ಹೂವಿನ ಜಾತಿಯದು. ಯಾರೋ ನೆಂಟರು ಬೆಳಿಗ್ಗೆ ನಿಮ್ಮ ಹೆಸರಲ್ಲಿ ಮುಡಿಸಿದ್ದು, ಸಂಜೆಗೆ ಅದರ ಕೆಲಸ ಆಯಿತು.

ಹೀಗೆಂದರೆ ನಾನು ಮಾತಿನ ಚಮತ್ಕಾರ ಮಾಡಿದೆ ಎಂದು ಮೇಷ್ಟ್ರು ನಕ್ಕರು. ಚಮತ್ಕಾರ ಅಲ್ಲ. ನಮ್ಮ ಪೂಜೆಯಲ್ಲಿ ಎರಡು ಬಗೆ ಇದೆ. ಗುಡಿಯ ಮೂಲಮೂರ್ತಿ ಕದಲುವುದಿಲ್ಲ. ಮನೆಗೆ ಬರುವ ಮಣ್ಣಿನ ಗೌರಿ, ಗಣಪ, ಕಳಶ, ಅರಿಸಿನದ ಉಂಡೆಯ ಗಣಪತಿ ಎಲ್ಲ ಬಂದು, ಉಂಡು, ಹೋಗುವವರು. ಕಳಿಸಿಕೊಡುವುದೂ ಪೂಜೆಯ ಭಾಗವೇ. ಮೊಬೈಲಿನಲ್ಲಿ ಆಗಿರುವ ಎಡವಟ್ಟು ಏನೆಂದರೆ ಬರುವವರಿಗೆ ಬಾಗಿಲಿದೆ, ಕಳಿಸುವ ಶಾಸ್ತ್ರವನ್ನು ಯಾರೂ ಹೇಳಿಕೊಟ್ಟಿಲ್ಲ. ಬಂದವರೆಲ್ಲ ಮೂಲಸ್ಥಾನದಲ್ಲೇ ಕೂತುಬಿಟ್ಟಿದ್ದಾರೆ.

ದೊಡ್ಡಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ: ಬೆರಳು ಅವರದೇ ಇರಬೇಕು. ವಾಟ್ಸಾಪಿನ ಸೆಟ್ಟಿಂಗ್ಸ್, ಅಲ್ಲಿ ಸ್ಟೋರೇಜ್, ಅದರೊಳಗೆ ಮ್ಯಾನೇಜ್ ಸ್ಟೋರೇಜ್. ಅಲ್ಲಿ ಪದೇಪದೇ ಫಾರ್ವರ್ಡ್ ಆದವು ಒಂದು ಕಡೆ, ದೊಡ್ಡ ಫೈಲುಗಳು ಒಂದು ಕಡೆ, ಯಾವ ಗುಂಪಿನಿಂದ ಎಷ್ಟು ಬಂದಿದೆ ಅನ್ನುವ ಲೆಕ್ಕ ಇನ್ನೊಂದು ಕಡೆ ಸಿಗುತ್ತದೆ. ಭಾರ ಇರುವುದು ವಿಡಿಯೊಗಳದ್ದು, ಮೊದಲು ಅವು. ಮೊಮ್ಮಗಳ ನಾಮಕರಣದ ವಿಡಿಯೊ ಬೇರೆ ತೆಗೆದಿಟ್ಟೆವು. ಅರ್ಜುನನ ಫೋಟೊ ಬಂದಾಗ ಬೆರಳು ನಿಂತಿತು. ಎಂಟು ಸಲ ಅಂಬಾರಿ ಹೊತ್ತ ದಸರಾ ಆನೆ, 2023ರ ಡಿಸೆಂಬರ್ 4ರಂದು ಇಲ್ಲೇ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ಆ ವಾರ ನಮ್ಮ ಕಡೆಯ ಫೋನುಗಳಲ್ಲೆಲ್ಲ ಅದೇ ಫೋಟೊ, ಹಾರ ಹಾಕಿದ್ದು. ‘ಇವನು ಇರ್ಲಿ’ ಅಂದರು. ಇದ್ದಾನೆ. ಕೊನೆಗೆ ಮೀಡಿಯಾ ಆಟೊ ಡೌನ್‌ಲೋಡ್ ಆಫ್ ಮಾಡಿಕೊಟ್ಟೆ. ಇನ್ನು ಅವರು ಮುಟ್ಟಿದ ಚಿತ್ರ ಮಾತ್ರ ಇಳಿಯುತ್ತದೆ.

ಎಲ್ಲ ಆದ ಮೇಲೆ ಕೇಳಿದರು, ‘ಅವೆಲ್ಲ ಎಲ್ಲಿಗೋದ್ವಪ್ಪ?’

ಇಷ್ಟು ವರ್ಷದಲ್ಲಿ ನನಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಫೋನು ಡಿಲೀಟ್ ಮಾಡುವುದೆಂದರೆ ಆ ಚಿತ್ರವನ್ನು ಒರೆಸಿ ಹಾಕುವುದಲ್ಲ. ಯಾವ ಚಿತ್ರ ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿಯಿಂದ ಅದರ ಹೆಸರು ತೆಗೆದು ಆ ಜಾಗ ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದೆ. ಚಿತ್ರ ಇನ್ನೂ ಸ್ವಲ್ಪ ಕಾಲ ಅಲ್ಲೇ ಇರಬಹುದು. ಫೋನು ಬಿಡುವಾದಾಗ ಗುಡಿಸಿಕೊಳ್ಳುತ್ತದೆ, ಇಲ್ಲವೇ ಹೊಸದೇನಾದರೂ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಅಂದರೆ ಮೊದಲು ಹೋಗುವುದು ನಾಮ, ಆಮೇಲೆ ರೂಪ. ಮೇಷ್ಟ್ರು ಇದನ್ನು ಕೇಳಿ ನಗಲಿಲ್ಲ. ನಾಮರೂಪಗಳ ಬಗ್ಗೆ ಅವರು ಮೂವತ್ತು ವರ್ಷ ಪಾಠ ಮಾಡಿದವರು, ಎರಡನ್ನೂ ಬೇರೆಬೇರೆ ಹೊತ್ತಿಗೆ ಕಳೆದುಕೊಳ್ಳುವ ವಸ್ತುವನ್ನು ಮೊದಲ ಬಾರಿ ನೋಡಿದ್ದರು.

ಭಕ್ತಿಯಿಂದ ಕೆಡುವ ಸೆಟ್ಟುಗಳ ದೊಡ್ಡ ಹಂಗಾಮು ಆಯುಧಪೂಜೆಯ ಮರುದಿನ ಶುರುವಾಗುತ್ತದೆ. ಕುಂಕುಮ ಇಷ್ಟು ಸಣ್ಣ ಪುಡಿ, ಮೈಕಿನ ರಂಧ್ರ ಅದಕ್ಕಿಂತ ಸ್ವಲ್ಪವೇ ದೊಡ್ಡದು. ‘ನಾವು ಮಾತಾಡಿದ್ದು ಆ ಕಡೆ ಕೇಳ್ತಿಲ್ಲ’ ಎಂದು ಬಂದವರ ಫೋನಿನ ಬುಡ ನೋಡಿದರೆ ಕೆಂಪಗೆ. ಸ್ಪೀಕರ್ ಜಾಲರಿಯಲ್ಲಿ ಅರಿಸಿನ, ಚಾರ್ಜಿಂಗ್ ಪಿನ್ನಿನಲ್ಲಿ ಗಂಧ. ಮೆತ್ತಗಿನ ಒಣ ಬ್ರಷ್ಷಿನಲ್ಲಿ, ರಂಧ್ರವನ್ನು ಕೆಳಮುಖ ಮಾಡಿ, ನಿಧಾನಕ್ಕೆ ಉದುರಿಸಬೇಕು. ಪಿನ್ನು ಸೂಜಿ ಹಾಕಿ ಚುಚ್ಚಿದರೆ ಒಳಗಿನ ಮೈಕು ತೂತಾಗುತ್ತದೆ. ಬಾಯಲ್ಲಿ ಊದಿದರೆ ಎಂಜಲಿನ ಪಸೆ ಒಳಗೆ ಹೋಗಿ ಕುಂಕುಮ ಅಲ್ಲೇ ಗಟ್ಟಿಯಾಗುತ್ತದೆ. ದೀಪದ ಪಕ್ಕ ಫೋನಿಟ್ಟು ಸುಪ್ರಭಾತ ಹಾಕುವವರಿಗೂ ಒಂದು ಮಾತು: ಲೀಥಿಯಂ ಬ್ಯಾಟರಿಗೆ ಬೆಂಕಿಯ ಬಿಸಿಗಿಂತ ದೊಡ್ಡ ಶತ್ರು ಇಲ್ಲ. ಕವರ್ ಬಿಚ್ಚಿ ಕವರಿಗೇ ಕುಂಕುಮ ಇಡಿ ಅನ್ನುವುದು ನನ್ನ ಸಲಹೆ. ಕೆಲವರು ಒಪ್ಪುತ್ತಾರೆ, ಕೆಲವರು ‘ದೇವರಿಗೂ ಮೋಸವಾ’ ಎಂದು ದುರುಗುಟ್ಟುತ್ತಾರೆ.

ಮಳೆಗಾಲದಲ್ಲಿ ಇನ್ನೊಂದು ನಂಬಿಕೆ, ಅಕ್ಕಿಯದು. ಗದ್ದೆಯ ನೀರಿಗೆ ಬಿದ್ದ ಸೆಟ್ಟನ್ನು ಅಕ್ಕಿ ಡಬ್ಬದಲ್ಲಿ ಹೂತು, ಅಕ್ಕಿ ಸಮೇತ ತರುತ್ತಾರೆ. ಜುಲೈ ತಿಂಗಳಲ್ಲಿ ನಮ್ಮ ಮನೆಗಳ ಅಕ್ಕಿಯೇ ಮುಗ್ಗಲು ಹಿಡಿದಿರುತ್ತದೆ, ಅದು ಯಾರ ನೀರು ಹೀರೀತು? ಹಾಗೆ ಮಾಡಬೇಡಿ, ಅಕ್ಕಿಯ ಚೂರು ಒಳಹೋಗಿ ಕೆಡುತ್ತದೆ ಎಂದು 2024ರಲ್ಲಿ ಆಪಲ್ ಕಂಪನಿಯೂ ಹೇಳಿತು. ಕೂಡಲೇ ಸ್ವಿಚ್ ಆಫ್ ಮಾಡಿ ಒರೆಸಿ, ಚಾರ್ಜಿಗೆ ಮಾತ್ರ ಹಾಕದೆ, ಪಿನ್ನಿನ ಕಡೆ ಕೆಳಗೆ ಮಾಡಿ ಫ್ಯಾನಿನ ಗಾಳಿಗೆ ಇಟ್ಟು ಅಂಗಡಿಗೆ ತಂದರೆ ಬೋರ್ಡ್ ತೊಳೆದು ಉಳಿಸಬಹುದು. ನೀರಿಗಿಂತ, ನೀರಿನಲ್ಲಿ ಕರೆಂಟು ಹರಿದು ಹಿಡಿಯುವ ಹಸಿರು ಕಿಲುಬು ಫೋನನ್ನು ಕೊಲ್ಲುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಮೆಣಸಿನ ಜೊತೆ ಒಣಗಿಸಿ ತಂದವರನ್ನೂ ನೋಡಿದ್ದೇನೆ. ಅಕ್ಕಿಯಿಂದ ಬದುಕಿತು ಎನ್ನುವವರ ಫೋನು ಬದುಕಿದ್ದು ಎರಡು ದಿನ ಯಾರೂ ಮುಟ್ಟದೆ ಬಿಟ್ಟದ್ದರಿಂದ. ಪುಣ್ಯ ಅಕ್ಕಿಯ ಖಾತೆಗೆ ಹೋಯಿತು. ನಮ್ಮ ಹರಕೆಗಳಲ್ಲೂ ಹೀಗೆ ಜಮಾ ಆದವು ಎಷ್ಟಿವೆಯೋ. ಇದನ್ನು ಮಾತ್ರ ಗಿರಾಕಿಗಳ ಮುಂದೆ ಹೇಳುವುದಿಲ್ಲ.

ಹಾಗಾದರೆ ವಸ್ತುವನ್ನು ಎಲ್ಲಿಯತನಕ ನೋಡಿಕೊಳ್ಳಬೇಕು, ಯಾವಾಗ ಬಿಡಬೇಕು? ಭಿನ್ನವಾದ ಮೂರ್ತಿ ಪೂಜೆಗೆ ಸಲ್ಲದು ಎನ್ನುತ್ತಾರೆ. ಒಡೆದ ಗಾಜಿನ ದೇವರ ಪಟಗಳು ಅರಳಿಕಟ್ಟೆಗೆ ಬಂದು ಕೂರುವುದು ಅದಕ್ಕೇ. ಆದರೆ ಹೊಯ್ಸಳರ ಕಾಲದಲ್ಲಿ ಇಲ್ಲಿ ಸಿಕ್ಕಿದ್ದೇ ಭಿನ್ನವಾದ ಲಿಂಗ, ಊರಿಗೆ ಹೆಸರು ಬಂದದ್ದೂ ಅದರಿಂದ ಎಂಬ ಐತಿಹ್ಯ ನಮ್ಮೂರಿನದು. ಡಿಸ್‌ಪ್ಲೇ ಬಿರುಕು ಬಿಟ್ಟಿತೆಂದು ಓಡುವ ಸೆಟ್ಟನ್ನು ಬದಲಿಸಲು ಹೊರಟ ಹುಡುಗರಿಗೆ ನಾನು ಈ ಕತೆ ಹೇಳುತ್ತೇನೆ. ಅವರು ಕೇಳುವುದಿಲ್ಲ.

ನನಗೆ ಇದರಲ್ಲಿ ಗೆರೆ ಎಳೆದುಕೊಟ್ಟವರು ಜೈನರು. ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳಕ್ಕೆ ಹೋದವರು ದಿಗಂಬರ ಮುನಿಗಳನ್ನು ನೋಡಿರುತ್ತೀರಿ. ಮೈಮೇಲೆ ಬಟ್ಟೆಯೂ ಇಲ್ಲ, ಆದರೆ ಕೈಯಲ್ಲಿ ನವಿಲುಗರಿಯ ಪಿಂಛಿ, ಜೊತೆಗೆ ಕಮಂಡಲು. ಕೂರುವ ಮೊದಲು ಹುಳುಹುಪ್ಪಟೆ ಸಾಯದಂತೆ ನೆಲ ಸವರಲು ಪಿಂಛಿ. ಅದು ಪರಿಗ್ರಹವಲ್ಲ, ಸಂಯಮದ ಉಪಕರಣ ಎಂಬುದು ಅವರ ವಿಚಾರ. ಚಾತುರ್ಮಾಸ್ಯ ಮುಗಿದ ಮೇಲೆ ಪಿಂಛಿ ಬದಲಾಗುತ್ತದೆ. ಹೊಸ ಮಾದರಿ ಬಂತೆಂದಲ್ಲ, ಸವೆದ ಗರಿ ಬಿರುಸಾಗಿ ಯಾವ ಹುಳುವನ್ನು ಕಾಯಬೇಕೋ ಅದನ್ನೇ ನೋಯಿಸೀತೆಂದು. ಇದಕ್ಕಿಂತ ನಿಖರವಾದ ಅಳತೆ ಯಾವ ಕಂಪನಿಯ ಕೈಪಿಡಿಯಲ್ಲೂ ನನಗೆ ಸಿಕ್ಕಿಲ್ಲ. ನಿಧಾನವಾದ ಫೋನು, ಬಿರುಕು ಬಿಟ್ಟ ಫೋನು ಇರಲಿ. ಊದಿದ ಬ್ಯಾಟರಿ ಮಾತ್ರ ಒಂದು ರಾತ್ರಿಯೂ ಮನೆಯಲ್ಲಿರಬಾರದು. ಅದು ನೋಯಿಸುವ ಹಂತ ಮುಟ್ಟಿದೆ.

ಹಾನುಬಾಳು ಕಡೆಯ ಒಬ್ಬ ಹುಡುಗ ಅಂಥದ್ದೇ ತಂದಿದ್ದ. ತೀರಿಕೊಂಡ ಅಪ್ಪನ ಕೀಪ್ಯಾಡ್ ಫೋನು, ಬ್ಯಾಟರಿ ಊದಿ ಹಿಂದಿನ ಮುಚ್ಚಳ ಕೂರುತ್ತಿರಲಿಲ್ಲ. ಬಳಸಲಿಕ್ಕಲ್ಲ, ದೇವರ ಕೋಣೆಯಲ್ಲಿ ಅಪ್ಪನ ಫೋಟೊ ಪಕ್ಕ ಇಡಲಿಕ್ಕೆ. ಬ್ಯಾಟರಿ ತೆಗೆದು, ಕಸದವರಿಗೆ ಸೇರದ ಹಾಗೆ ನನ್ನ ಮರಳಿನ ಡಬ್ಬಕ್ಕೆ ಹಾಕಿದೆ. ಅಂಥವು ಇ-ತ್ಯಾಜ್ಯದ ಜೊತೆ ಹಾಸನಕ್ಕೆ ಹೋಗುತ್ತವೆ. ಬರೀ ಫೋನು ಕೊಟ್ಟರೆ ಅವನಿಗೆ ಸಮಾಧಾನವಿಲ್ಲ. ಆನ್ ಆಗಬೇಕು, ಅಪ್ಪ ಸೇವ್ ಮಾಡಿದ ಹೆಸರುಗಳು ಕಾಣಬೇಕು. ‘ನಿನ್ನ ಹೆಸರು ಏನಂತ ಇದೆ?’ ಅಂದೆ. ‘ಪಾಪು’ ಅಂದ. ಮೀಸೆ ಬಂದ ಹುಡುಗ. ಹೊಸ ಬ್ಯಾಟರಿ ಹಾಕಿ, ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಕೊಟ್ಟೆ. ಇಟ್ಟ ಬ್ಯಾಟರಿ ತುಂಬಿರಲೂಬಾರದು, ಪೂರ್ತಿ ಬರಿದಾಗಲೂಬಾರದು. ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತರಬೇಕು. ಮರೆತುಹೋಗುತ್ತದೆ ಅಂದ. ಸ್ವಲ್ಪ ಹೊತ್ತು ಲೆಕ್ಕ ಹಾಕಿ ತಾನೇ ಹೇಳಿದ: ಯುಗಾದಿಗೊಂದು ಸಲ, ಆಯುಧಪೂಜೆಗೊಂದು ಸಲ.

ಕುಂಕುಮ ಫೋಟೊಗೆ ಇಡು, ಫೋನಿಗೆ ಬೇಡ ಎಂದು ಹೇಳಿ ಕಳಿಸಿದೆ.