ತುತ್ತಿಗೂ ಲೆಕ್ಕವೇ?

ದುಡಿಯಲಾರದ ಅಂಗವಿಕಲ ತಮ್ಮನನ್ನು ಅಕ್ಕ ದಿನವೂ ತನ್ನ ಮನೆಯಲ್ಲಿ ಊಟಕ್ಕೆ ಕೂರಿಸುತ್ತಾಳೆ ಎಂದಿಟ್ಟುಕೊಳ್ಳಿ. ಆ ಊಟದ ಬೆಲೆಯನ್ನು ಸರ್ಕಾರ ತಮ್ಮನ ಮಾಸಾಶನದಿಂದ ಮುರಿದುಕೊಳ್ಳುವುದು ನ್ಯಾಯವೇ?

ಇದು ಬರಿಯ ಕಲ್ಪನೆಯಲ್ಲ. ಅಮೆರಿಕದಲ್ಲಿ ಬಡ ವೃದ್ಧರಿಗೆ, ಅಂಧರಿಗೆ, ಅಂಗವಿಕಲರಿಗೆ ‘ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್’ ಎಂಬ ಮಾಸಾಶನ 1974ರಿಂದ ನಡೆದುಬಂದಿದೆ. 2024ರಲ್ಲಿ ಒಬ್ಬರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಗರಿಷ್ಠ ಮೊತ್ತ ತಿಂಗಳಿಗೆ 943 ಡಾಲರ್. ಬಂಧುಮಿತ್ರರು ಉಚಿತವಾಗಿ ಕೊಟ್ಟ ಅನ್ನ, ಆಶ್ರಯಗಳನ್ನು ಆದಾಯವೆಂದೇ ಎಣಿಸಿ, ಸುಮಾರು ಮೂರನೇ ಒಂದು ಪಾಲಿನವರೆಗೂ ಕಡಿತ ಮಾಡುವ ನಿಯಮ ಅದರಲ್ಲಿತ್ತು. 2024ರ ಸೆಪ್ಟೆಂಬರ್ 30ರಿಂದ ಊಟವನ್ನು ಆ ಲೆಕ್ಕದಿಂದ ಕೈಬಿಟ್ಟರು. ವಸತಿಯ ನೆರವನ್ನು ಬಿಡಲಿಲ್ಲ. ತಿದ್ದುಪಡಿ ಚಿಕ್ಕದು. ಅದರ ಹಿಂದಿನ ಪ್ರಶ್ನೆ ಚಿಕ್ಕದಲ್ಲ.

ಹಳೆಯ ನಿಯಮಕ್ಕೂ ಒಂದು ತರ್ಕವಿತ್ತು. ಅದು ಜನರ ತೆರಿಗೆಯ ಹಣ. ಊಟ ಸಿಗುವವನಿಗಿಂತ ಸಿಗದವನ ಅಗತ್ಯ ಹೆಚ್ಚು ತಾನೇ? ಒಪ್ಪೋಣ. ಆದರೆ ಫಲವೇನಾಯಿತು? ಅಕ್ಕ ಬಡಿಸಿದ್ದು ತಮ್ಮನಿಗೆ, ಉಳಿತಾಯವಾದದ್ದು ಖಜಾನೆಗೆ! ಮೇಲಾಗಿ, ಪಡೆದ ಸಹಾಯವನ್ನು ಆತ ಕಚೇರಿಗೆ ತಿಳಿಸಬೇಕಿತ್ತು. ತಿಳಿಸಿದರೆ ಹಣ ಕಡಿಮೆ, ಮುಚ್ಚಿಟ್ಟರೆ ಸುಳ್ಳು, ಊಟವೇ ಬೇಡವೆಂದರೆ ಅಕ್ಕನಿಗೆ ನೋವು. ಪ್ರಾಮಾಣಿಕತೆಗೂ ಪ್ರೀತಿಗೂ ಜಗಳ ಹಚ್ಚುವ ನಿಯಮ ಎಷ್ಟೇ ಅಚ್ಚುಕಟ್ಟಾಗಿದ್ದರೂ ಒಳ್ಳೆಯ ನಿಯಮವಲ್ಲ.

ದೊಡ್ಡ ಸಂಸ್ಥೆಯು ಚಿಕ್ಕ ಸಮುದಾಯಗಳಿಗೆ ನೆರವಾಗಬೇಕೇ ಹೊರತು ಅವುಗಳನ್ನು ನುಂಗಬಾರದೆಂದು ಜಗದ್ಗುರು ಹನ್ನೊಂದನೇ ಪಿಯುಸ್‌ರವರು 1931ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದರು. ಒಂದೇ ಪಾತ್ರೆಯಿಂದ ಉಣ್ಣುವ ಕುಟುಂಬಕ್ಕಿಂತ ಚಿಕ್ಕ ಸಮುದಾಯ ಯಾವುದಿದೆ? ಅಲ್ಲಿ ಹಂಚಿದ ತುತ್ತು ಸಂಬಳವಲ್ಲ, ಆದಾಯವೂ ಅಲ್ಲ. ಅದು ‘ನೀನು ನಮ್ಮವನು’ ಎಂಬ ಮಾತು. ಅದಕ್ಕೆ ಬೆಲೆ ಕಟ್ಟಲು ಯಾವ ಕಚೇರಿಗೂ ಸಾಧ್ಯವಿಲ್ಲ.

ಹಾಗೆಂದು ಪರದೇಶದ ಕಾನೂನಿನ ತಪ್ಪು ಹುಡುಕಿ ಸುಮ್ಮನಾಗದಿರೋಣ. ಅಂಥದೇ ಕಡಿತವನ್ನು ನಮ್ಮ ಮನೆಗಳಲ್ಲಿ ನಾವೂ ಮಾಡುವುದುಂಟು. ‘ಅಮ್ಮನಿಗೆ ವಿಧವಾ ವೇತನ ಬರುತ್ತದಲ್ಲ, ನಾವೇಕೆ ಕೊಡಬೇಕು?’ ಎಂದು ಅಣ್ಣತಮ್ಮಂದಿರು ಲೆಕ್ಕ ಹಾಕುವುದನ್ನು ನೀವು ಕೇಳಿಲ್ಲವೇ? ಅಲ್ಲಿ ಸರ್ಕಾರ ಮನೆಯವರ ಪ್ರೀತಿಯನ್ನು ನೋಡಿ ನೆರವನ್ನು ಕತ್ತರಿಸಿತು. ಇಲ್ಲಿ ನಾವು ಸರ್ಕಾರದ ನೆರವನ್ನು ನೋಡಿ ಪ್ರೀತಿಯನ್ನೇ ಕತ್ತರಿಸುತ್ತೇವೆ. ಆ ತಾಯಿಗೆ ಹಣ ಸಿಕ್ಕೀತು; ಮಗನ ಕೈಯಿಂದ ಬರಬೇಕಾದದ್ದು ಸಿಕ್ಕೀತೇ?

ಅಲ್ಲಿ ಊಟದ ನಿಯಮ ತಿದ್ದಲು ಐವತ್ತು ವರ್ಷ ಹಿಡಿಯಿತು. ನಮ್ಮ ಮನೆಯ ನಿಯಮ ತಿದ್ದಲು ಇಂದು ರಾತ್ರಿಯ ಒಂದು ಊಟ ಸಾಕು.