ಮದುವೆಯ ಮರುದಿನದ ಲೆಕ್ಕ

ಮದುವೆಯೆಂದರೆ ಎರಡು ಮನೆತನಗಳು ಕೂಡುವುದು ಎಂದು ನಾವು ಹೇಳುತ್ತ ಬಂದಿದ್ದೇವೆ. ಲಗ್ನಪತ್ರಿಕೆಯಲ್ಲಿ ಅಚ್ಚಾಗುವುದೂ ಆ ಎರಡು ಮನೆತನಗಳ ಹೆಸರುಗಳೇ. ಆದರೆ ಅಕ್ಷತೆ ಬೀಳುವ ಆ ಒಂದು ಗಳಿಗೆಗಾಗಿ ದುಡಿಯುವ ಮೂರನೆಯ ಬಳಗವೊಂದಿದೆ. ಪತ್ರಿಕೆಯಲ್ಲಿ ಅದರ ಹೆಸರಿಲ್ಲ. ಹಂದರ ಹಾಕಿದವರು, ಹಿಂದಿನ ರಾತ್ರಿಯೇ ಬಂದು ಒಲೆ ಹೊತ್ತಿಸಿದ ಅಡುಗೆಯವರು, ಹೂವು ಕಟ್ಟಿದವರು, ಸನಾದಿ ಊದಿದವರು, ಬಳೆ ತೊಡಿಸಿದವರು, ಫೋಟೋ ತೆಗೆದವರು, ಎಲ್ಲ ಮುಗಿದ ಮೇಲೆ ಎಂಜಲೆಲೆ ಎತ್ತಿದವರು ಆ ಬಳಗದಲ್ಲಿದ್ದಾರೆ. ಬೀಗರಿಗೆ ಏನು ಸಲ್ಲಬೇಕೆಂಬುದನ್ನು ನಾವು ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ಈ ಮೂರನೆಯವರಿಗೆ ಸಲ್ಲಬೇಕಾದುದು ಏನು? ಗೊತ್ತುಮಾಡಿದ ಹಣ ಕೊಟ್ಟರೆ ಋಣ ತೀರಿತೇ, ಇಲ್ಲವೆ ಹಣಕ್ಕೆ ಹೊರತಾದುದು ಇನ್ನೇನಾದರೂ ಉಳಿಯುತ್ತದೆಯೇ? ಮೇಲ್ನೋಟಕ್ಕೆ ಇದು ವ್ಯವಹಾರದ ಪ್ರಶ್ನೆ. ವಾಸ್ತವವಾಗಿ ಇದು ನೀತಿಯ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿತ್ತು. ಕನ್ನಡದ ಹಳ್ಳಿಗಳಲ್ಲಿ ಆಯಗಾರರೆಂದೂ ಮರಾಠಿಯಲ್ಲಿ ಬಲುತೇದಾರರೆಂದೂ ಕರೆಯಿಸಿಕೊಳ್ಳುತ್ತಿದ್ದ ಕಸುಬುದಾರರಿಗೆ ಸುಗ್ಗಿಯ ಕಣದಲ್ಲಿ ಕಾಳಿನ ಪಾಲು ಸಲ್ಲುತ್ತಿತ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ಎರಡು ಹೆಸರುಗಳೂ ಒಂದೇ ಊರಿನಲ್ಲಿ ಕೇಳಿಬರುತ್ತಿದ್ದವು. ಮದುವೆ ಬಂದಾಗ ಕುಂಬಾರನ ಮನೆಗೆ ನಾವೇ ಹೋಗಬೇಕಾಗಿತ್ತು. ಮುತ್ತೈದೆಯರು ವಾದ್ಯದೊಡನೆ ಹೋಗಿ ಐರಾಣಿಯ ಗಡಿಗೆಗಳನ್ನು ಪೂಜಿಸಿ ತರುತ್ತಿದ್ದರು. ಅಲ್ಲಿ ಗಡಿಗೆ ಬರಿಯ ಸರಕಾಗಿರಲಿಲ್ಲ. ಅದನ್ನು ಮಾಡಿದವನಿಗೂ ಆ ಮಂಗಳಕಾರ್ಯದಲ್ಲಿ ಒಂದು ಮಾನವಿತ್ತು. ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆ ಇದನ್ನು ಇಂದಿಗೂ ನೆನಪಿಸುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ವಿವಾಹ ನಡೆಯುತ್ತದೆ. ಏಳು ನಂದಿಧ್ವಜಗಳ ಸಮಕ್ಷಮದಲ್ಲಿ, ಸಮ್ಮತಿ ಕಟ್ಟೆಯ ಬಳಿ ಸಮ್ಮತಿಯನ್ನು ಓದಿದ ಬಳಿಕವೇ ಅಕ್ಷತೆ ಬೀಳುತ್ತದೆ. ಆ ಉತ್ಸವದಲ್ಲಿ ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಮಾನಗಳುಂಟು.

ಆದರೆ ಹಳೆಯದನ್ನು ಕೊಂಡಾಡುವ ಉತ್ಸಾಹದಲ್ಲಿ ಅದರ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಆಯದ ಪದ್ಧತಿಯಲ್ಲಿ ಕಸುಬು ಹುಟ್ಟಿನಿಂದ ಬರುತ್ತಿತ್ತು. ಕರೆದಾಗ ಬರಬೇಕಾಗಿತ್ತು, ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. ಕಾಳಿನ ಪಾಲು ಎಷ್ಟೆಂಬುದನ್ನು ನಿರ್ಧರಿಸುತ್ತಿದ್ದವರು ಕಣದ ಒಡೆಯರು. ಹಲಗೆ ಬಾರಿಸಿ ಮದುವೆಗೆ ಕಳೆ ತಂದವರು ಊಟಕ್ಕೆ ಕೂಡುತ್ತಿದ್ದ ಸ್ಥಳ ಯಾವುದೆಂಬುದನ್ನು ಹಿರಿಯರನ್ನು ಕೇಳಿ ತಿಳಿಯಬಹುದು. ಇಂದು ವಾದ್ಯದವರು ತಮ್ಮ ದರವನ್ನು ತಾವೇ ಹೇಳುತ್ತಾರೆ, ಒಪ್ಪಿಗೆಯಾಗದಿದ್ದರೆ ಬೇರೆ ಮನೆಯ ಕೆಲಸ ಹಿಡಿಯುತ್ತಾರೆ. ಹಣ ತಂದ ಈ ಬಿಡುಗಡೆ ಸಣ್ಣದಲ್ಲ. ಆದ್ದರಿಂದ ನಾವು ಹಿಂದಕ್ಕೆ ಹೋಗಬೇಕಾಗಿಲ್ಲ. ಆ ಕಾಲದ ಮಾನವನ್ನು ಈ ಕಾಲದ ಸ್ವಾತಂತ್ರ್ಯದೊಡನೆ ಹೇಗೆ ಕೂಡಿಸುವುದೆಂಬುದಷ್ಟೇ ನಮ್ಮ ಮುಂದಿರುವ ವಿಚಾರ.

ಇದಕ್ಕೆ ನಮ್ಮ ನುಡಿಯಲ್ಲೇ ಒಂದು ಸುಳಿವಿದೆ. ಇಂದು ಎಲ್ಲರೂ ಅಡ್ವಾನ್ಸ್ ಎನ್ನುವುದಕ್ಕೆ ಮರಾಠಿಯವರು ಇಸಾರ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕಿದ್ದ ಹಳೆಯ ಮಾತು ಸಂಚಕಾರ. ಸಂಸ್ಕೃತದ ಸತ್ಯಂಕಾರ ಎಂಬುದರ ತದ್ಭವವಿದು. ಆಡಿದ ಮಾತನ್ನು ಸತ್ಯವಾಗಿಸುವುದು ಎಂದು ಅದರ ಅರ್ಥ. ಇಂದು ಸಂಚಕಾರವೆಂದರೆ ಕೇಡು, ಗಂಡಾಂತರ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಮುಂಗಡ ಹಣವು ಕೇವಲ ಒಂದು ತಾರೀಖನ್ನು ಕಾಯ್ದಿರಿಸುವುದಿಲ್ಲ. ಕೊಟ್ಟವರ ಮಾತು, ತೆಗೆದುಕೊಂಡವರ ಮಾತು ಎರಡನ್ನೂ ಅದು ಕಟ್ಟಿಹಾಕುತ್ತದೆ. ಅಡುಗೆಯವರು ಅದನ್ನು ಪಡೆದಾಗ ಅದೇ ಮುಹೂರ್ತದ ಬೇರೆ ಮನೆಗಳನ್ನು ಬಿಟ್ಟುಕೊಡುತ್ತಾರೆ. ನಾವು ಅದನ್ನು ಕೊಟ್ಟಾಗ ಬೇರೆ ಅಡುಗೆಯವರನ್ನು ಹುಡುಕುವುದನ್ನು ನಿಲ್ಲಿಸುತ್ತೇವೆ. ಇಬ್ಬರೂ ತಮ್ಮ ಇತರ ದಾರಿಗಳನ್ನು ಮುಚ್ಚಿಕೊಂಡು ಒಬ್ಬರನ್ನೊಬ್ಬರು ನಂಬಿ ನಿಲ್ಲುತ್ತಾರೆ. ಮದುವೆಯ ವ್ಯವಹಾರದ ನೀತಿಯೆಲ್ಲ ಈ ಪರಸ್ಪರ ನಂಬಿಕೆಯಿಂದಲೇ ಹುಟ್ಟುತ್ತದೆ.

ಹಾಗಿರುವಲ್ಲಿ ಮಾತು ಮೊದಲು ಸ್ಪಷ್ಟವಾಗಿರಬೇಕು. ಎಲೆಯ ಲೆಕ್ಕಕ್ಕೆ ದರವೋ, ಒಟ್ಟು ಗುತ್ತಿಗೆಯೋ? ಕಿರಾಣಿ, ಹಾಲು, ಗ್ಯಾಸ್ ತರುವವರು ಯಾರು? ಬಡಿಸುವವರ ಕೂಲಿ ಅಡುಗೆಯ ದರದಲ್ಲಿ ಸೇರಿದೆಯೇ? ಹೇಳಿದ್ದಕ್ಕಿಂತ ನೂರು ಜನ ಹೆಚ್ಚು ಬಂದರೆ ಏನು ಮಾಡಬೇಕು? ಹಂದರ ಬಿಚ್ಚುವುದು ಎಂದು? ಫೋಟೋಗಳನ್ನು ಎಷ್ಟು ದಿನಗಳಲ್ಲಿ ಕೊಡಬೇಕು? ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕುವುದು ಅಪನಂಬಿಕೆಯ ಲಕ್ಷಣವಲ್ಲ. ನಮ್ಮ ಗಡಿ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವುಂಟು. ಮನೆಯವರ ಮಾತು ಕನ್ನಡ, ಕಾರ್ಯಾಲಯದವರದು ಮರಾಠಿ, ಹೂವಿನವರದು ತೆಲುಗು, ಬ್ಯಾಂಡಿನವರದು ಹಿಂದಿಯಾಗಿರಬಹುದು. ಒಂದೇ ಪದವನ್ನು ನಾಲ್ವರು ನಾಲ್ಕು ಬಗೆಯಾಗಿ ತಿಳಿಯುವ ಕಡೆ ಎರಡು ಭಾಷೆಗಳಲ್ಲಿ ಬರೆದ ಒಂದು ಹಾಳೆ ಜಗಳವನ್ನು ಹುಟ್ಟುವ ಮೊದಲೇ ತಡೆಯುತ್ತದೆ. ಜಾತ್ರೆಯಲ್ಲಿ ಸಮ್ಮತಿ ಓದಿದ ಮೇಲಲ್ಲವೇ ಅಕ್ಷತೆ? ನಮ್ಮ ವ್ಯವಹಾರದಲ್ಲಿಯೂ ಸಮ್ಮತಿ ಮೊದಲಾಗಲಿ.

ಆಯ್ಕೆಯ ವಿಚಾರದಲ್ಲೂ ನೀತಿಯ ಅಂಶವಿದೆ. ಮೂವರು ದರ ಹೇಳಿದಾಗ ಅತಿ ಕಡಿಮೆಯದನ್ನು ಒಪ್ಪುವುದು ಮನೆಯ ಯಜಮಾನರ ಜಾಣತನವೆನಿಸಬಹುದು. ಆದರೆ ಜೋಳ, ಎಣ್ಣೆ, ಬೆಲ್ಲಗಳ ಪೇಟೆಯ ಧಾರಣೆ ಮೂವರಿಗೂ ಒಂದೇ. ಒಬ್ಬರ ದರ ಮಾತ್ರ ಬಹಳ ಇಳಿದಿದ್ದರೆ ಆ ಇಳಿತ ಎಲ್ಲಿಂದ ಬಂತೆಂದು ವಿಚಾರಿಸುವುದು ನ್ಯಾಯ. ಎಷ್ಟೋ ಸಲ ಅದು ಬಡಿಸುವ ಹುಡುಗರ ಕೂಲಿಯಿಂದಲೋ, ಪಾತ್ರೆ ತೊಳೆಯುವ ಹೆಂಗಸರ ಕೂಲಿಯಿಂದಲೋ ಕಡಿತವಾಗಿರುತ್ತದೆ. ನಾವು ಅವರೊಡನೆ ಮಾತಾಡಿಲ್ಲವೆಂಬ ಕಾರಣದಿಂದ ನಮ್ಮ ಹೊಣೆ ಇಲ್ಲವಾಗುವುದಿಲ್ಲ. ದರಪಟ್ಟಿಯನ್ನು ನಂಬುವುದಕ್ಕಿಂತ ಅವರು ಕೆಲಸ ಮಾಡಿದ ಒಂದು ಮದುವೆಯನ್ನು ನೋಡಿ ಬರುವುದು ಲೇಸು. ಅಲ್ಲಿ ಕೊನೆಯ ಪಂಕ್ತಿಗೂ ಪಲ್ಯ ಉಳಿದಿತ್ತೇ, ಯಜಮಾನ ತನ್ನ ಕೈಕೆಳಗಿನವರನ್ನು ಹೇಗೆ ಮಾತನಾಡಿಸುತ್ತಾನೆ ಎಂಬುದರಿಂದ ತಿಳಿಯುವಷ್ಟು ಬೇರೆಯದರಿಂದ ತಿಳಿಯದು.

ಇನ್ನು ಚೌಕಾಸಿಯ ಮಾತು. ದರ ಕಡಿಮೆ ಮಾಡಿರೆಂದು ಕೇಳುವುದು ತಪ್ಪೇ? ಮೊದಲೇ ಕೇಳಿದರೆ ತಪ್ಪಲ್ಲವೆಂಬುದು ನಮ್ಮ ಅಭಿಪ್ರಾಯ. ಆಗ ಅವರಿಗೆ ಒಲ್ಲೆನೆನ್ನುವ ಅವಕಾಶವಿರುತ್ತದೆ, ನಮಗೂ ಬೇರೆಡೆ ಹೋಗುವ ಅವಕಾಶವಿರುತ್ತದೆ. ಕೆಲಸ ಮುಗಿದ ಮೇಲೆ ಕಡಿಮೆ ಮಾಡುವುದು ಹಾಗಲ್ಲ. ಕೆಲವು ಮನೆಗಳಲ್ಲಿ ಮದುವೆಯ ಮರುದಿನ ಬಾಕಿ ಕೇಳಲು ಬಂದವರಿಗೆ ಸಾರು ಸಪ್ಪೆಯಾಗಿತ್ತೆಂದೋ, ಹೂವು ಬಾಡಿತ್ತೆಂದೋ ಹೇಳಿ ಒಂದಷ್ಟು ಮುರಿದುಕೊಳ್ಳುವ ರೂಢಿಯಿದೆ. ಉಂಡ ಅನ್ನವನ್ನು ಹಿಂದಿರುಗಿಸಲಾಗದು, ಹಂದರದ ನೆರಳಿನಲ್ಲಿ ಕುಳಿತ ಹೊತ್ತನ್ನೂ ಹಿಂದಿರುಗಿಸಲಾಗದು. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಫಲವನ್ನು ಉಂಡವರು ಪರಿಹಾರ ಕೊಡಬೇಕೆಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಆದರೆ ಒಂದು ಮದುವೆಯ ಬಾಕಿಗಾಗಿ ಅಡುಗೆಯವರು ಕೋರ್ಟಿನ ಮೆಟ್ಟಿಲು ಹತ್ತುವುದುಂಟೇ? ಕಾಯಿದೆ ತಲುಪದ ಈ ಜಾಗದಲ್ಲಿ ಕೆಲಸ ಮಾಡಬೇಕಾದುದು ಮನಸ್ಸಾಕ್ಷಿಯೊಂದೇ. ಮದುವೆಯ ಮುನ್ನಾದಿನ ನಮಗೆ ಅವರು ಬೇಕು, ಮರುದಿನ ಅವರಿಗೆ ನಾವು ಬೇಕು. ನಮಗೆ ಅವರು ಬೇಡವಾದ ಆ ದಿನದಲ್ಲಿ ನಾವು ನಡೆದುಕೊಳ್ಳುವ ರೀತಿಯೇ ನಮ್ಮ ಮರ್ಯಾದೆಯ ನಿಜವಾದ ಅಳತೆ.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುತ್ತದೆ, ಬರಬೇಕಾದುದೇ. ಮೋಸ ಮಾಡುವವರು ಮನೆಯವರು ಮಾತ್ರವೇ? ಒಂದೇ ಮುಹೂರ್ತಕ್ಕೆ ಎರಡು ಕಡೆ ಮುಂಗಡ ಹಿಡಿಯುವವರಿಲ್ಲವೇ? ನುರಿತವರನ್ನು ತೋರಿಸಿ ಹೊಸಬರನ್ನು ಕಳಿಸುವವರು, ವರನು ಬಾಗಿಲಿಗೆ ಬಂದ ಹೊತ್ತಿನಲ್ಲಿ ಇನ್ನಷ್ಟು ಕೊಟ್ಟರೆ ಮಾತ್ರ ವಾದ್ಯ ಎನ್ನುವವರು ಇಲ್ಲವೇ? ಇದ್ದಾರೆ. ಸಾಲ ಮಾಡಿ ಮಗಳ ಮದುವೆ ಮಾಡುವ ತಂದೆ ಆ ಹೊತ್ತಿನಲ್ಲಿ ಬಂಧುಗಳ ಮುಂದೆ ತಲೆತಗ್ಗಿಸಲಾರದೆ ಕೇಳಿದಷ್ಟು ಕೊಡುತ್ತಾನೆ. ಅದು ಸುಲಿಗೆ, ಬೇರೆ ಹೆಸರಿಲ್ಲ. ಆದರೆ ಈ ಆಕ್ಷೇಪವು ನಮ್ಮ ವಾದವನ್ನು ಮುರಿಯುವುದಿಲ್ಲ, ಪೂರ್ಣಗೊಳಿಸುತ್ತದೆ. ಮುಹೂರ್ತದ ಗಳಿಗೆಯಲ್ಲಿ ಮನೆಯವರು ಅಸಹಾಯಕರು. ಮರುದಿನ ಕೆಲಸದವರು ಅಸಹಾಯಕರು. ಇನ್ನೊಬ್ಬರ ಅಸಹಾಯಕತೆಯ ಹೊತ್ತನ್ನು ತನ್ನ ಲಾಭದ ಹೊತ್ತಾಗಿ ಮಾಡಿಕೊಳ್ಳಬಾರದು ಎಂಬ ಒಂದೇ ನಿಯಮ ಎರಡು ಕಡೆಗೂ ಸಲ್ಲುತ್ತದೆ. ಒಬ್ಬರು ಹಾಗೆ ಮಾಡಿದರೆಂದು ಮುಂದಿನ ಮದುವೆಯಲ್ಲಿ ಮತ್ತೊಬ್ಬರ ಬಾಕಿ ಹಿಡಿಯುವುದು ನ್ಯಾಯವಾಗದು.

ಇಬ್ಬರೂ ಏಕಕಾಲಕ್ಕೆ ಅಸಹಾಯಕರಾದ ಒಂದು ಕಾಲವನ್ನು ನಾವೆಲ್ಲ ಕಂಡಿದ್ದೇವೆ. 2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಆ ಬೇಸಿಗೆಯ ಲಗ್ನಗಳಿಗೆ ಮುಂಗಡ ಕೊಟ್ಟಾಗಿತ್ತು, ಪತ್ರಿಕೆ ಅಚ್ಚಾಗಿತ್ತು. ನಂತರ ಅನುಮತಿ ಬಂದಾಗಲೂ 50 ಜನರ ಮಿತಿ. ಆಗ ಮುಂಗಡ ಯಾರದು? ನಡೆಸಲು ಅಸಾಧ್ಯವಾದ ಕರಾರು ಬಿದ್ದುಹೋಗುತ್ತದೆ, ಅದರಿಂದ ಪಡೆದ ಲಾಭವನ್ನು ಹಿಂದಿರುಗಿಸಬೇಕು ಎಂಬುದು ಕಾಯಿದೆಯ ಮಾತು. ಆದರೆ ಆ ಹಣದಲ್ಲಿ ಅಡುಗೆಯವರು ತಮ್ಮ ಆಳುಗಳಿಗೆ ಆಗಲೇ ಕೊಟ್ಟಿದ್ದಿರಬಹುದು, ಸಾಮಾನು ತಂದಿದ್ದಿರಬಹುದು. ಇತ್ತ ಮದುವೆಯ ಮನೆಯಲ್ಲಿಯೂ ದುಡಿಮೆ ನಿಂತಿತ್ತು. ಇಂಥಲ್ಲಿ ಪೂರ್ತಿ ನನಗೆ ಬೇಕು ಎಂದವರೂ, ಒಂದು ಪೈಸೆಯನ್ನೂ ಕೊಡೆನೆಂದವರೂ ಲೆಕ್ಕದಲ್ಲಿ ಗೆದ್ದಿರಬಹುದು. ಖರ್ಚಾದುದನ್ನು ತೋರಿಸಿ ಉಳಿದುದನ್ನು ಹಿಂದಿರುಗಿಸುವುದು, ಇಲ್ಲವೆ ಆ ಹಣವನ್ನು ಮುಂದಿನ ತಾರೀಖಿಗೆ ಹಿಡಿದುಕೊಳ್ಳುವುದು, ಅಂದರೆ ನಷ್ಟವನ್ನು ಹಂಚಿಕೊಳ್ಳುವುದು, ಸತ್ಯಂಕಾರವೆಂಬ ಆ ಹಳೆಯ ಮಾತಿಗೆ ಹತ್ತಿರವಾದ ದಾರಿ.

ಕಾಯಕದ ಹೆಸರಿನಲ್ಲಿ ನಡೆಯುವ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಪ್ರಸ್ತಾಪಿಸಬೇಕಾಗಿದೆ. ನಮ್ಮವರೇ, ಸೇವೆಯೆಂದು ಮಾಡಿಕೊಡಿ, ಮುಂದೆ ಇನ್ನೂ ಕೆಲಸ ಕೊಡಿಸುತ್ತೇವೆ ಎಂದು ಹೇಳಿ ನ್ಯಾಯವಾದ ದರವನ್ನು ತಗ್ಗಿಸುವವರುಂಟು. ದುಡಿಯುವವರು ತಮ್ಮ ದುಡಿಮೆಯನ್ನು ಕಾಯಕವೆಂದು ಭಾವಿಸುವುದು ಅವರ ಹಿರಿಮೆ. ದುಡಿಸಿಕೊಳ್ಳುವವರು ಆ ಮಾತನ್ನು ಬಳಸಿ ಕೂಲಿ ಉಳಿಸಿಕೊಳ್ಳುವುದು ಬೇರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಾದುದನ್ನು ಹಿಂದಿರುಗಿಸಿ ಬರಲು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಆ ಕಥೆಯಲ್ಲಿ ತನ್ನ ಪಾಲಿಗಿಂತ ಹೆಚ್ಚನ್ನು ಬಿಟ್ಟುಕೊಡುವಂತೆ ಅವಳು ಹೇಳಿದ್ದು ತನ್ನ ಮನೆಯವನಿಗೆ; ಪರರಿಗೆ ಕಡಿಮೆ ಕೊಡುವುದಕ್ಕೆ ಅದನ್ನು ಆಧಾರ ಮಾಡಿಕೊಳ್ಳಲಾಗದು.

ಹಣದ ಹೊರಗೆ ಉಳಿಯುವುದು ಏನೆಂಬ ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅದು ದೊಡ್ಡದೇನಲ್ಲ. ನಸುಕಿನಿಂದ ನಿಂತವರಿಗೆ ಹೊತ್ತಿಗೆ ಸರಿಯಾಗಿ ಊಟ, ಅದೂ ಉಳಿದುದಲ್ಲ, ಎಲ್ಲರಿಗೆ ಬಡಿಸಿದ ಅದೇ ಊಟ. ರಾತ್ರಿ ಉಳಿಯಬೇಕಾದ ಹೆಂಗಸರಿಗೆ ಮಲಗಲು ಸುರಕ್ಷಿತವಾದ ಒಂದು ಕೋಣೆ. ವಯಸ್ಸಿಗೆ ತಕ್ಕಂತೆ ಅಣ್ಣ, ಕಾಕಾ, ಅವ್ವ ಎಂಬ ಕರೆ. ಬಾಕಿಗಾಗಿ ಮೂರು ಸಲ ತಿರುಗಿಸದೆ ಹೇಳಿದ ದಿನವೇ ಕೊಡುವ ಹಣ. ಕೆಲಸ ಚೆನ್ನಾಗಿದ್ದರೆ ನಾಲ್ಕು ಜನರ ಎದುರಿಗೆ ಒಂದು ಒಳ್ಳೆಯ ಮಾತು, ಕೊರತೆಯಿದ್ದರೆ ಒಬ್ಬರನ್ನೇ ಕರೆದು ಹೇಳುವ ಸೌಜನ್ಯ. ಹಿಂದೆ ಮಾನವೆಂದು ಕರೆದುದು ಇದನ್ನೇ, ಹುಟ್ಟಿನ ಹಂಗಿಲ್ಲದೆ.

ಗಡಿಯಲ್ಲಿ ಬಾಳುವ ನಮಗೆ ಇದು ಇನ್ನೂ ಹತ್ತಿರದ ವಿಷಯ. ಲಗ್ನಪತ್ರಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕೆಂದರೆ ಒತ್ತಕ್ಷರ ಒಡೆಯದಂತೆ ಜೋಡಿಸಬಲ್ಲವರನ್ನು ಹುಡುಕಬೇಕಾಗುತ್ತದೆ. ಸಿಕ್ಕವರು ನಮ್ಮ ನುಡಿ ತಿಳಿಯದಿದ್ದರೂ ಮೂರು ಸಲ ಕರಡು ತಿದ್ದಿ ಕೊಡುತ್ತಾರೆ. ಆ ಹೆಚ್ಚಿನ ಶ್ರಮಕ್ಕೆ ಹೆಚ್ಚಿನ ಬೆಲೆ ಕೊಡುವುದು ನುಡಿಯ ಅಭಿಮಾನದ ಒಂದು ಭಾಗ. ನಮ್ಮ ಮನೆಯ ಹಂದರಕ್ಕೆ ಬರುವ ಅನ್ಯಭಾಷಿಕರಲ್ಲಿ ಅನೇಕರು ಕನ್ನಡವನ್ನು ಪುಸ್ತಕದಲ್ಲಿ ಕಾಣುವವರಲ್ಲ. ಕನ್ನಡದ ಮನೆಯವರು ಹೇಗೆ ಮಾತಾಡಿಸಿದರು, ಹೇಗೆ ಲೆಕ್ಕ ಮುಗಿಸಿದರು ಎಂಬುದರಲ್ಲಿಯೇ ಅವರು ಕನ್ನಡವನ್ನು ಕಾಣುತ್ತಾರೆ.

ಈ ಮಾತು ಮದುವೆಗೆ ಮಾತ್ರ ಸಲ್ಲುವುದಿಲ್ಲ. ಸಮ್ಮೇಳನವನ್ನು ನಡೆಸುವ ಸಂಘವೂ ಒಂದು ಮದುವೆಯ ಮನೆಯೇ. ಅದಕ್ಕೂ ಹಂದರದವರು ಬೇಕು, ಅಡುಗೆಯವರು ಬೇಕು, ಧ್ವನಿವರ್ಧಕದವರು ಬೇಕು, ಈ ಸಂಚಿಕೆಯನ್ನು ಹೊಲಿದು ಕಟ್ಟಿದವರು ಬೇಕು. ವೇದಿಕೆಯ ಮೇಲಿನ ವಂದನಾರ್ಪಣೆಯಲ್ಲಿ ಅವರ ಹೆಸರುಗಳು ಸೇರಲಿ. ಹೆಸರಿಗಿಂತ ಮೊದಲು, ಮರುದಿನ ಖಜಾಂಚಿಯವರು ತೆರೆಯುವ ಪುಸ್ತಕದಲ್ಲಿ ಅವರ ಬಾಕಿ ತೀರಿರಲಿ.