ಬಾಗಿಲು ತೆರೆದರೆ ಸಾಕೇ?

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದಾಗ, ಭಾನುವಾರದ ಬಲಿಪೂಜೆಯ ನಂತರ ಕಾಫಿ ತೋಟದ ರೈಟರ್ ಒಬ್ಬರು ಗುರುನಿವಾಸಕ್ಕೆ ಬಂದರು. ಅವರ ಮಗಳು ಬಿ.ಕಾಂ. ಮುಗಿಸಿ ಎಂ.ಬಿ.ಎ. ಸೀಟು ಪಡೆದಿದ್ದಳು. ಮರುವರ್ಷ ಪದವಿ ಮುಗಿಸಲಿದ್ದ ಮಗನಿಗೂ ಅದೇ ಆಸೆ. ಮನೆಗೆ ಇದ್ದದ್ದು ಒಂದೇ ಸಾಲ ತೀರಿಸುವ ಶಕ್ತಿ. “ಫಾದರ್, ನೀವೇ ಒಂದು ದಾರಿ ಹೇಳಬೇಕು” ಎಂದರು. ನಾನು ಹೆಚ್ಚು ಯೋಚಿಸಲಿಲ್ಲ. “ಹುಡುಗಿ ನಾಳೆ ಮದುವೆಯಾಗಿ ಹೋಗುವವಳು, ಹುಡುಗನ ಓದಿಗೆ ಇಟ್ಟುಕೊಳ್ಳಿ” ಎಂದುಬಿಟ್ಟೆ. ಅವರು ಸಮಾಧಾನದಿಂದ ಹೊರಟರು. ಮಗಳು ಅಂಗಳದಲ್ಲಿ ಕಾಯುತ್ತಿದ್ದಳು. ಅವಳನ್ನು ಒಳಗೆ ಕರೆದು ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ಸೆಮಿನರಿಯ ನೀತಿಶಾಸ್ತ್ರದ ತರಗತಿಯಲ್ಲಿ ನಾವು ಕಲಿತದ್ದು, ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಸ್ಥಿರ ಮನಸ್ಸೇ ನ್ಯಾಯ ಎಂದು. ಆದರೆ ಯಾರಿಗೆ ಏನು ಸಲ್ಲಬೇಕು ಎಂಬುದನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಬಹಳ ತಡವಾಗಿ. ಅದೂ ದೂರದ ಅಮೆರಿಕದ ಒಂದು ವ್ಯವಹಾರ ಶಿಕ್ಷಣ ಸಂಸ್ಥೆಯ ಚರಿತ್ರೆಯನ್ನು ಓದುವಾಗ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆರಂಭವಾದದ್ದು 1908ರಲ್ಲಿ. ಎರಡು ವರ್ಷಗಳ ಪೂರ್ಣ ಎಂ.ಬಿ.ಎ. ವ್ಯಾಸಂಗಕ್ಕೆ ಮೊದಲ ವರ್ಷದಿಂದಲೇ ಮಹಿಳೆಯರು ಸೇರಿದ್ದು 1963ರಲ್ಲಿ, ಸಂಖ್ಯೆ ಎಂಟು. ಬಾಗಿಲು ತೆರೆಯಿತು, ನ್ಯಾಯ ಸಂದಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಅಲ್ಲಿಯ ಬೋಧನೆಯ ಕ್ರಮವನ್ನು ಗಮನಿಸಬೇಕು. ಅಧ್ಯಾಪಕರು ಭಾಷಣ ಮಾಡುವುದಿಲ್ಲ. ಒಂದು ಸಂಸ್ಥೆಗೆ ಬಂದೊದಗಿದ ಸಂದಿಗ್ಧವನ್ನು ವಿವರಿಸುವ ಕೇಸ್ ಸ್ಟಡಿಯನ್ನು ಎಲ್ಲರೂ ಓದಿ ಬರುತ್ತಾರೆ. ತೊಂಬತ್ತರಷ್ಟು ವಿದ್ಯಾರ್ಥಿಗಳು ಕುಳಿತ ಕೊಠಡಿಯಲ್ಲಿ ಚರ್ಚೆ ನಡೆಯುತ್ತದೆ. ಅಂಕಗಳಲ್ಲಿ ಸುಮಾರು ಅರ್ಧದಷ್ಟು ಈ ಚರ್ಚೆಯಲ್ಲಿ ಮಾತಾಡಿದ್ದಕ್ಕೇ ಸಲ್ಲುತ್ತದೆ. ಎಂದರೆ, ಯಾರು ಏನು ಹೇಳಿದರೆಂದು ಅಧ್ಯಾಪಕರು ನೆನಪಿಟ್ಟುಕೊಂಡರೋ ಅದಕ್ಕೆ ಸಲ್ಲುತ್ತದೆ!

ಪುರುಷರಿಗೆ ಸರಿಸಮಾನವಾದ ಪ್ರವೇಶಾರ್ಹತೆಯೊಡನೆ ಬಂದ ಮಹಿಳೆಯರು ಅಂಕಗಳಲ್ಲಿ ಹಿಂದುಳಿಯುತ್ತಿದ್ದರು. 2010ರಲ್ಲಿ ಅಲ್ಲಿಯ ಡೀನ್ ಆದ ಭಾರತ ಮೂಲದ ನಿತಿನ್ ನೊಹ್ರಿಯಾ ಅವರ ಕಾಲದಲ್ಲಿ ಇದನ್ನು ತಿದ್ದುವ ಪ್ರಯತ್ನ ನಡೆಯಿತು. ಕೈಯೆತ್ತಿ ಮಾತನಾಡುವ ತರಬೇತಿ ಕೊಟ್ಟರು. ಅದಕ್ಕಿಂತ ಮುಖ್ಯವಾಗಿ, ತರಗತಿಯಲ್ಲಿ ಆಡಿದ ಮಾತುಗಳನ್ನು ದಾಖಲಿಸಲು ಶೀಘ್ರಲಿಪಿಕಾರರನ್ನು ಕೂರಿಸಿದರು. ನೆನಪಿನ ಜಾಗಕ್ಕೆ ಬರಹ ಬಂದಿತು. ಅಂಕಗಳ ಅಂತರ ಬಹುಮಟ್ಟಿಗೆ ಕರಗಿತು. 2014ರ ಜನವರಿಯಲ್ಲಿ ನೊಹ್ರಿಯಾ ಅವರು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ, ಸಂಸ್ಥೆಯು ಮಹಿಳೆಯರನ್ನು ನಡೆಸಿಕೊಂಡ ರೀತಿಗಾಗಿ ಕ್ಷಮೆ ಯಾಚಿಸಿದರು. ಅಲ್ಲಿಯ ಕೇಸ್ ಸ್ಟಡಿಗಳಲ್ಲಿ ಮಹಿಳೆ ಮುಖ್ಯ ಪಾತ್ರವಾಗಿದ್ದವು ಆಗ ಸುಮಾರು ಶೇಕಡ 9. ಐದು ವರ್ಷಗಳಲ್ಲಿ ಅದನ್ನು ಶೇಕಡ 20ಕ್ಕೆ ಏರಿಸುವುದಾಗಿ ಹೇಳಿದರು. ಇಪ್ಪತ್ತೇನೂ ದೊಡ್ಡ ಸಂಖ್ಯೆಯಲ್ಲ, ಬಿಡಿ. ಆದರೂ ಅಷ್ಟು ಗರ್ವವುಳ್ಳ ಸಂಸ್ಥೆ ಬಹಿರಂಗವಾಗಿ ತಪ್ಪೊಪ್ಪಿಕೊಂಡದ್ದು, ಪಾಪನಿವೇದನೆಯ ಪೀಠದಲ್ಲಿ ಕುಳಿತುಕೊಳ್ಳುವ ನನ್ನಂಥವನಿಗೆ ಸಣ್ಣದಾಗಿ ಕಾಣಲಿಲ್ಲ.

ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲವೆಂಬುದೇ ಇದರ ಕಠಿಣ ಭಾಗ. ಯಾವ ಅಧ್ಯಾಪಕರೂ ಹುಡುಗಿಯರಿಗೆ ಕಡಿಮೆ ಅಂಕ ಕೊಡೋಣವೆಂದು ಕುಳಿತವರಾಗಿರಲಿಕ್ಕಿಲ್ಲ. ಕಿವಿಗೆ ರೂಢಿಯಾದ ದನಿ ನೆನಪಿನಲ್ಲಿ ಉಳಿಯಿತು, ಉಳಿದದ್ದು ಜಾರಿತು. ನಾವು ಅರ್ಹತೆ ಎಂದು ಕರೆಯುವುದು ಎಷ್ಟೋ ಸಲ ನಮ್ಮ ಕಿವಿಯ ಅಭ್ಯಾಸ.

ನಮ್ಮ ದೇಶದ ಐ.ಐ.ಎಂ.ಗಳಲ್ಲಿಯೂ ಬಹುಕಾಲ ಎಂಜಿನಿಯರಿಂಗ್ ಓದಿದ ಹುಡುಗರೇ ತುಂಬಿದ್ದರು. ಮುಂದೆ ಕೆಲವು ಸಂಸ್ಥೆಗಳು ಆಯ್ಕೆಯಲ್ಲಿ ಮಹಿಳೆಯರಿಗೆ ಹೆಚ್ಚುವರಿ ಅಂಕ ಕೊಡತೊಡಗಿದವು. 2013ರಲ್ಲಿ ಕೋಝಿಕ್ಕೋಡಿನ ಐ.ಐ.ಎಂ. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. “ನನ್ನ ಮಗ ಮಾಡಿದ ತಪ್ಪೇನು ಫಾದರ್?” ಎಂದು ಕೇಳಿದ ತಾಯಿಯೊಬ್ಬರಿದ್ದಾರೆ. ಅವರ ನೋವು ಸುಳ್ಳಲ್ಲ. ಹೆಚ್ಚುವರಿ ಅಂಕವು ಔಷಧಿ, ಅನ್ನವಲ್ಲ; ಎಷ್ಟು ದಿನ, ಎಷ್ಟು ಪ್ರಮಾಣ ಎಂಬುದನ್ನು ಕೇಳುತ್ತಲೇ ಇರಬೇಕು. ಆದರೆ ರೋಗವೇ ಇರಲಿಲ್ಲವೆಂದು ಹೇಳಲು ನನಗೆ ಬಾಯಿ ಬಾರದು.

ಪವಿತ್ರ ಬೈಬಲ್ಲಿನ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಸತಿಯನ್ನು ನಾವೆಲ್ಲ ಬಲ್ಲೆವು. ಅವಳು ಹೊಲವನ್ನು ಪರಿಶೀಲಿಸಿ ಕೊಳ್ಳುತ್ತಾಳೆ, ದುಡಿದ ಹಣದಿಂದ ದ್ರಾಕ್ಷಿತೋಟ ಮಾಡುತ್ತಾಳೆ, ತನ್ನ ವ್ಯಾಪಾರದ ಲಾಭವನ್ನು ಅರಿತಿರುತ್ತಾಳೆ. ‘ಎ’ ವರ್ಷದ ಸಾಧಾರಣ ಕಾಲದ 33ನೇ ಭಾನುವಾರ ಆ ಅಧ್ಯಾಯ ನಮ್ಮ ಮೊದಲ ವಾಚನ. ಅಂದಿನ ಶುಭಸಂದೇಶವಾದರೋ ತಲೆಂತುಗಳ ಸಾಮತಿ. ಆದರೆ ವಾಚನಕ್ಕೆ ಆರಿಸಿದ ಭಾಗದಲ್ಲಿ ಉಣ್ಣೆ, ರಾಟೆ, ದಾನಧರ್ಮಗಳಿವೆ. ಹೊಲ ಕೊಳ್ಳುವ 16ನೇ ವಚನವಿಲ್ಲ. ಉದ್ದವಾಗುತ್ತದೆಂದು ಬಿಟ್ಟಿರಬಹುದು. ಎಷ್ಟೋ ವರ್ಷ ಅದನ್ನು ಓದಿಸಿದ ನನಗೂ ಆ ಕೊರತೆ ಕಂಡಿರಲಿಲ್ಲ. ಹೂತಿಟ್ಟ ತಲೆಂತಿನ ಬಗ್ಗೆ ಮಾತ್ರ ಪ್ರತಿ ಸಲವೂ ಗಟ್ಟಿಯಾಗಿ ಪ್ರಬೋಧನೆ ಮಾಡಿದ್ದೇನೆ. ಮಲೆನಾಡಿನ ಆ ಹುಡುಗಿಯ ತಲೆಂತನ್ನು ಹೂಳಿದವನು ಅವಳಲ್ಲ. ಗುಂಡಿ ತೋಡಲು ಗುದ್ದಲಿ ಕೊಟ್ಟವನು ನಾನು.

2020ರಲ್ಲಿ ಜಗದ್ಗುರು ಫ್ರಾನ್ಸಿಸರು ವ್ಯಾಟಿಕನ್ನಿನ ಆರ್ಥಿಕ ಮಂಡಳಿಗೆ ಒಮ್ಮೆಗೇ ಆರು ಮಂದಿ ಮಹಿಳೆಯರನ್ನು ನೇಮಿಸಿದರು. ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಬೇಕೆಂದು ಧರ್ಮಸಭೆಯ ಕಾನೂನೇ ವಿಧಿಸುತ್ತದೆ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಪೀಠದ ಹೂವು, ವಸ್ತ್ರ, ಮಕ್ಕಳ ಧರ್ಮೋಪದೇಶ ಎಲ್ಲವೂ ತಾಯಂದಿರದು. ಲೆಕ್ಕದ ಪುಸ್ತಕ ಮಾತ್ರ ಗಂಡಸರದು.

ಈಗಿರುವ ಧರ್ಮಕೇಂದ್ರದಲ್ಲಿ ಎಂ.ಬಿ.ಎ. ಓದಿದ ಒಬ್ಬ ಯುವ ಗೃಹಿಣಿಯನ್ನು ಕಳೆದ ವರ್ಷ ಸಮಿತಿಗೆ ಸೇರಿಸಿಕೊಂಡೆವು. ಮೊದಲ ಸಭೆಯಲ್ಲಿಯೇ ಅವರು, ಹಬ್ಬದ ಪಟಾಕಿಗೆ ಇಷ್ಟು ಹಣ ಏಕೆ, ಎರಡು ಅಂಗಡಿಗಳಲ್ಲಿ ದರ ಕೇಳಬಹುದಿತ್ತಲ್ಲ ಎಂದರು. ಹಿರಿಯರೊಬ್ಬರು ನಕ್ಕು ಮುಂದಿನ ವಿಷಯಕ್ಕೆ ಹೋದರು. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ತೆರೆದು ನೋಡಿದೆ. ಎಲ್ಲರ ಮಾತೂ ಇತ್ತು, ಅವರದಿರಲಿಲ್ಲ. ಬರೆದವರು ಒಳ್ಳೆಯ ಮನುಷ್ಯರು, ಬೇಕೆಂದು ಬಿಟ್ಟವರಲ್ಲ. ಹೊರಗೆ ಮಗುವಿಗೆ ಚಪ್ಪಲಿ ಹಾಕುತ್ತಿದ್ದ ಆಕೆಯನ್ನು ಕರೆದು, “ಅಮ್ಮಾ, ಪಟಾಕಿಯ ವಿಷಯ ಇನ್ನೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ” ಎಂದೆ. “ಸಭೆಯಲ್ಲೇ ಹೇಳಿದ್ದೆನಲ್ಲ ಫಾದರ್” ಎಂದರು ಆಕೆ.